ಹೊಳೆಯಿಲ್ಲದ ಸೀಮೆಯವರು ಊರೂರಿಗೆ ನೀರು ಕೊಟ್ಟರು!

ವಿಶ್ವೇಶ್ವರಯ್ಯ ಅಂದಕೂಡಲೇ ಜನಕ್ಕೆ ನೆನಪಾಗುವುದು ಕನ್ನಂಬಾಡಿ ಕಟ್ಟೆ ಮತ್ತು ಜರಿಪೇಟ. ಅಷ್ಟಕ್ಕೇ ನಿಂತರೆ ಆ ಮಹಾನುಭಾವರಿಗೆ ಅನ್ಯಾಯ ಮಾಡಿದ ಹಾಗೆ. ಪಟ್ಟಣದ ಕೊಳಾಯಿಗೆ ನೀರು ಎಲ್ಲಿಂದ ತರಬೇಕು, ಮಳೆ ಕೈಕೊಟ್ಟರೆ ಏನು ಗತಿ, ಅತಿಯಾಗಿ ಸುರಿದರೆ ಏನು ಗತಿ ಎಂಬ ಲೆಕ್ಕಾಚಾರದಲ್ಲೇ ಅವರ ಆಯುಷ್ಯದ ಎಷ್ಟೋ ವರ್ಷ ಸಂದಿವೆ.

ಹುಟ್ಟಿದ್ದು 1860ರಲ್ಲಿ, ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ವರ್ಷವಿಡೀ ಹರಿಯುವ ಹೊಳೆ ಕಾಣದ ಸೀಮೆ ಅದು. ಕೆರೆ ತುಂಬಿದರೆ ಬೆಳೆ, ಬತ್ತಿದರೆ ಬರ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದ ಹುಡುಗ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿಕೊಂಡರು.

ಮೊದಲ ದೊಡ್ಡ ಪರೀಕ್ಷೆ ಬಂದದ್ದು ಈಗ ಪಾಕಿಸ್ತಾನದಲ್ಲಿರುವ ಸಕ್ಕರ್ ಪಟ್ಟಣದಲ್ಲಿ. ಊರ ಪಕ್ಕದಲ್ಲೇ ಸಿಂಧೂ ನದಿ, ಆದರೆ ನೀರೆಲ್ಲ ಕೆಸರು. ಶೋಧಿಸುವ ಕಟ್ಟೆಗಳನ್ನು ಕಟ್ಟಿಸಲು ಪುರಸಭೆಯ ಪೆಟ್ಟಿಗೆಯಲ್ಲಿ ದುಡ್ಡಿಲ್ಲ. ಇವರು ಏನು ಮಾಡಿದರು ಗೊತ್ತೇ? ನದಿಯ ಮರಳಿನಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದ ನೀರು ತಾನಾಗಿಯೇ ತಿಳಿಯಾಯಿತು. ಅದನ್ನು ಪಂಪು ಮಾಡಿ ಊರಿಗೆ ಹಂಚಿದರು. ಕಾಸು ಕಮ್ಮಿ, ಕೆಲಸ ಗಟ್ಟಿ!

ಆಮೇಲೆ ಪುಣೆಯ ಸರದಿ. ಊರಿಗೆ ನೀರು ಕೊಡುವ ಖಡಕ್‌ವಾಸ್ಲಾದಲ್ಲಿ ಮಳೆಗಾಲದ ನೀರು ಸುಮ್ಮನೆ ಕೋಡಿ ಹರಿದು ಹೋಗುತ್ತಿತ್ತು. 1903ರಲ್ಲಿ ಅಲ್ಲಿ ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಮಿತಿ ಮೀರಿದರೆ ಬಾಗಿಲು ತಾನೇ ತೆರೆಯುವುದು, ಇಳಿದರೆ ತಾನೇ ಮುಚ್ಚುವುದು. ಅಣೆಕಟ್ಟು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು.

ಇನ್ನು ಹೈದರಾಬಾದ್. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರಿಗೇ ನುಗ್ಗಿತು. ಸಾವಿರಾರು ಜನ ಕೊಚ್ಚಿಹೋದರು. ನಿಜಾಮರ ಸರ್ಕಾರದಿಂದ ಕರೆ ಬಂದಾಗ ವಿಶ್ವೇಶ್ವರಯ್ಯನವರು ಪರದೇಶ ಪ್ರವಾಸದಲ್ಲಿದ್ದರು. 1909ರಲ್ಲಿ ಬಂದು ಮಳೆಯ ಲೆಕ್ಕ, ಹೊಳೆಯ ಲೆಕ್ಕ ಎಲ್ಲ ಕೆದಕಿದರು. ಮೇಲಿನ ಸೀಮೆಯಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಸಾಲಾಗಿ ಒಡೆದು ಪ್ರವಾಹಕ್ಕೆ ಬಲ ಕೊಟ್ಟಿದ್ದು ತಿಳಿಯಿತು. ನದಿಗೆ ಊರೊಳಗೆ ಗೋಡೆ ಕಟ್ಟಿದರೆ ಸಾಲದು, ಊರಿನ ಮೇಲುಗಡೆಯೇ ನೀರನ್ನು ತಡೆದು ನಿಲ್ಲಿಸಬೇಕು ಎಂಬುದು ಅವರ ಸಲಹೆ. ಹಾಗೆ ಎದ್ದದ್ದೇ 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರಲ್ಲಿ ಮುಗಿದ ಹಿಮಾಯತ್ ಸಾಗರ. ಪ್ರವಾಹ ತಡೆಯಲು ಕಟ್ಟಿದ ಕೆರೆಗಳೇ ಆ ಮಹಾನಗರಕ್ಕೆ ತಲೆಮಾರುಗಟ್ಟಲೆ ಕುಡಿಯುವ ನೀರು ಕೊಟ್ಟವು. ಒಂದೇ ಕಟ್ಟೆ, ಎರಡು ಕೆಲಸ!

ಅದೇ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನಗಿರಿ. ಆ ಹೊತ್ತಿಗೆ ಬೆಂಗಳೂರು ಕುಡಿಯುತ್ತಿದ್ದುದು 1896ರಿಂದ ಬರುತ್ತಿದ್ದ ಹೆಸರಘಟ್ಟದ ನೀರು. ಊರು ಬೆಳೆಯಿತು, ಮಳೆ ಕೈಕೊಟ್ಟ ವರ್ಷ ಕೆರೆ ಸೋತಿತು. ವಿಶ್ವೇಶ್ವರಯ್ಯನವರ ಸಮಿತಿಯ ಸಲಹೆಯಂತೆ ಅರ್ಕಾವತಿ, ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಎದ್ದು 1933ರಲ್ಲಿ ನೀರು ಬಂತು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಕಣ್ಣು ಮುಚ್ಚಿದರು.

ಆಮೇಲೆ ಏನಾಯಿತು? ತಿಪ್ಪಗೊಂಡನಹಳ್ಳಿಗೆ ನೀರು ತರುವ ಹಳ್ಳಕೊಳ್ಳಗಳ ದಾರಿಯಲ್ಲಿ ಬಡಾವಣೆ, ಕಾರ್ಖಾನೆ ಎದ್ದವು. ಬಂದ ಅಷ್ಟಿಷ್ಟು ನೀರೂ ಕೊಳಕಾಯಿತು. ಬೆಂಗಳೂರು 1974ರಿಂದ ನೂರು ಕಿಲೋಮೀಟರ್ ದೂರದ ಕಾವೇರಿಗೆ ಕೈಯೊಡ್ಡಿದೆ. 2024ರ ಬೇಸಿಗೆಯಲ್ಲಿ ಊರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು ಅಂತ ಸರ್ಕಾರವೇ ಒಪ್ಪಿಕೊಂಡಿತು. ಟ್ಯಾಂಕರಿನವರಿಗೆ ಸುಗ್ಗಿ, ಕೊಡ ಹಿಡಿದವರಿಗೆ ಗೋಳು. ಹೈದರಾಬಾದಿನ ಎರಡು ಕೆರೆಗಳ ಸುತ್ತ ಕಟ್ಟಡ ಬೇಡವೆಂದು 1996ರಲ್ಲಿ ಆದೇಶ ಬಂದಿತ್ತು. 2022ರಲ್ಲಿ ಆ ನಿರ್ಬಂಧ ತೆಗೆಯಲು ಇನ್ನೊಂದು ಆದೇಶವೂ ಹೊರಟಿತು!

ಅವರು ಹುಟ್ಟಿದ ಸೀಮೆಯ ಕಥೆಯೂ ವಿಚಿತ್ರವೇ. ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಈಗ ಬೆಂಗಳೂರಿನ ಸಂಸ್ಕರಿಸಿದ ಚರಂಡಿ ನೀರು ಹರಿಸುತ್ತಾರೆ, ಅಂತರ್ಜಲ ಏರಲಿ ಅಂತ.

ಈಗ ಮಳೆಗೆ ಹೊತ್ತುಗೊತ್ತಿಲ್ಲ. ತಿಂಗಳ ಮಳೆ ಒಂದೇ ದಿನಕ್ಕೆ ಸುರಿದು ಅಂಗಡಿಗೆ ನುಗ್ಗುತ್ತದೆ, ಮುಂದಿನ ಬೇಸಿಗೆಗೆ ಕೊಳಾಯಿ ಒಣಗುತ್ತದೆ. ಎರಡಕ್ಕೂ ಸೇರಿಸಿ ಲೆಕ್ಕ ಹಾಕುವ ಪಾಠವನ್ನು ಅವರು 1909ರಲ್ಲೇ ಬರೆದಿಟ್ಟು ಹೋಗಿದ್ದಾರೆ. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಪ್ರತಿಮೆಗೆ ಹಾರ ಬೀಳುತ್ತದೆ, ಭಾಷಣವೂ ಆಗುತ್ತದೆ. ಆ ದಿನ ಪುರಸಭೆಯವರು ಊರಿನ ಒಂದು ರಾಜಕಾಲುವೆಯ ಹೂಳು ತೆಗೆಸಿ, ಒತ್ತುವರಿ ಬಿಡಿಸಿದರೆ ಹಾರಕ್ಕಿಂತ ಹೆಚ್ಚಿನ ಮರ್ಯಾದೆ ಆದೀತು.