ಮೆಕ್ಯಾನಿಕಲ್ ಓದಿ ಎಲೆಕ್ಟ್ರಾನ್ ಎಣಿಸಲು ಹೊರಟ ಭಾಭಾ

ಹೋಮಿ ಭಾಭಾ ಅಂದ್ರೆ ನಮಗೆಲ್ಲ ಅಣುಶಕ್ತಿ, ಟ್ರಾಂಬೆ, ಜಿಕೆ ಪುಸ್ತಕದ ಒಂದು ಸಾಲು. ಆದರೆ ಅವರೂ ನಮ್ಮಲ್ಲಿ ಎಷ್ಟೋ ಜನರ ಹಾಗೆ ಮನೆಯವರ ಮಾತಿಗೆ ಇಂಜಿನಿಯರಿಂಗ್ ಸೇರಿದವರು. ಹುಟ್ಟಿದ್ದು 1909ರಲ್ಲಿ, ಮುಂಬೈಯಲ್ಲಿ. ಅಜ್ಜ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಮಗ ಕೇಂಬ್ರಿಜ್‌ನಲ್ಲಿ ಮೆಕ್ಯಾನಿಕಲ್ ಮುಗಿಸಿ ಜಮ್ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅಂತ ಅಪ್ಪನ ಆಸೆ. ಮಗನಿಗೋ ಫಿಸಿಕ್ಸ್ ಹುಚ್ಚು. ಕೊನೆಗೆ ಒಪ್ಪಂದ ಆಯಿತು: ಮೆಕ್ಯಾನಿಕಲ್‌ನಲ್ಲಿ ಫಸ್ಟ್ ಕ್ಲಾಸ್ ತಂದರೆ ಆಮೇಲೆ ಬೇಕಾದ್ದು ಓದಬಹುದು. 1930ರಲ್ಲಿ ತಂದೇಬಿಟ್ಟರು. ನಮ್ಮ ಮನೆಗಳಲ್ಲಿ ಈ ಡೀಲ್ ನಡೆಯುತ್ತಾ? ಡೌಟು.

1937ರಲ್ಲಿ ಹೈಟ್ಲರ್ ಜೊತೆ ಸೇರಿ ಅವರು ಬಿಡಿಸಿದ್ದು ಕಾಸ್ಮಿಕ್ ಕಿರಣಗಳ ಒಗಟು. ಭಾರಿ ಶಕ್ತಿಯ ಒಂದು ಎಲೆಕ್ಟ್ರಾನ್ ವಾತಾವರಣಕ್ಕೆ ನುಗ್ಗಿದರೆ ಗಾಮಾ ಕಿರಣ ಹೊರಡುತ್ತೆ. ಅದು ಎಲೆಕ್ಟ್ರಾನ್, ಪಾಸಿಟ್ರಾನ್ ಜೋಡಿಯಾಗುತ್ತೆ. ಅವು ಮತ್ತೆ ಗಾಮಾ ಬಿಡುತ್ತವೆ. ಹೀಗೆ ಕೆಳಗೆ ಬರುವಷ್ಟರಲ್ಲಿ ಎಲೆಕ್ಟ್ರಾನ್‌ಗಳ ಮಳೆ.

1939ರಲ್ಲಿ ರಜೆಗೆ ಅಂತ ಊರಿಗೆ ಬಂದರು, ಯುದ್ಧ ಶುರುವಾಯಿತು, ವಾಪಸ್ ಹೋಗಲಾಗಲಿಲ್ಲ. ಹಾಗೆ ಬಂದು ಸೇರಿದ್ದು ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಯಶವಂತಪುರದ ಹತ್ತಿರದ ನಮ್ಮ ಐಐಎಸ್‌ಸಿ. ಫಿಸಿಕ್ಸ್ ವಿಭಾಗದಲ್ಲಿ ಆಗ ಸಿ.ವಿ. ರಾಮನ್. ಪಕ್ಕದ ರಾಜಾಜಿನಗರ ಇನ್ನೂ ಬಡಾವಣೆಯೇ ಆಗಿರಲಿಲ್ಲ! ಎಲೆಕ್ಟ್ರಾನ್ ಅಣುಗಳಿಗೆ ಡಿಕ್ಕಿ ಹೊಡೆದು ಕಳೆದುಕೊಳ್ಳುವ ಶಕ್ತಿಯನ್ನೂ ಸೇರಿಸಿ, ಚಕ್ರವರ್ತಿ ಎಂಬವರ ಜೊತೆ 1943ರಲ್ಲಿ ಆ ಮಳೆಯ ಲೆಕ್ಕವನ್ನು ಇನ್ನಷ್ಟು ತಿದ್ದಿದರು.

ಆದರೆ ಇದೆಲ್ಲ ಸರಾಸರಿ. ಒಂದು ಮಳೆಗೂ ಇನ್ನೊಂದಕ್ಕೂ ಎಣಿಕೆ ಎಷ್ಟು ಏರುಪೇರಾಗುತ್ತೆ? ಮ್ಯಾಥ್ಸ್ ಕ್ಲಾಸಿನ ಪಾಯ್ಸಾನ್ ಇಲ್ಲಿ ಕೈಕೊಡುತ್ತೆ, ಯಾಕಂದ್ರೆ ಅದಕ್ಕೆ ಪ್ರತಿ ಘಟನೆಯೂ ಸ್ವತಂತ್ರವಾಗಿರಬೇಕು. ಇವೋ ಒಂದೇ ತಾಯಿಯ ಮಕ್ಕಳು. ಮೊದಲ ಕವಲು ಸ್ವಲ್ಪ ತಡವಾದರೂ ಇಡೀ ವಂಶದ ಲೆಕ್ಕ ಬದಲು. ಹಾಗಾಗಿ ಏರುಪೇರು ಪಾಯ್ಸಾನ್ ಹೇಳೋದಕ್ಕಿಂತ ಜಾಸ್ತಿ. ಈ ಪ್ರಶ್ನೆಗೆ ಬೇಕಾದ ಗಣಿತವನ್ನು ಭಾಭಾ 1950ರಲ್ಲಿ ಪ್ರಕಟಿಸಿದರು.

ಇವತ್ತಿನ ಫೆಮ್ಟೊಸೆಕೆಂಡ್ ಎಲೆಕ್ಟ್ರಾನ್ ಪಲ್ಸ್‌ಗಳಲ್ಲಿ ಕಥೆ ಉಲ್ಟಾ. ಲೇಸರ್ ಬಡಿದು ಸೂಜಿಮೊನೆಯಿಂದ ಒಟ್ಟಿಗೆ ಹೊರಟ ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ಅದನ್ನು ಬಳಸಿಕೊಂಡರೆ ಎಣಿಕೆಯ ಏರುಪೇರು ಪಾಯ್ಸಾನ್‌ಗಿಂತ ಕಡಿಮೆ ಮಾಡಬಹುದು. ಎರಡೂ ಕಡೆ ಪ್ರಶ್ನೆ ಒಂದೇ, ಇವು ಸ್ವತಂತ್ರವಾ ಅಲ್ವಾ ಅಂತ.

1945ರಲ್ಲಿ ಟಿಐಎಫ್ಆರ್ ಶುರುವಾಗಿದ್ದೂ ಬೆಂಗಳೂರಲ್ಲೇ. ಆ ವರ್ಷದ ಕೊನೆಗೆ ಮುಂಬೈಗೆ ಹೋಯಿತು, ಭಾಭಾ ಕೂಡ. 1966ರ ಜನವರಿ 24ರಂದು ಮೋಂಟ್ ಬ್ಲಾಂಕ್ ಬೆಟ್ಟಕ್ಕೆ ವಿಮಾನ ಬಡಿದು ತೀರಿಕೊಂಡಾಗ ಅವರಿಗೆ 56. ಎಲೆಕ್ಟ್ರಾನ್, ಪಾಸಿಟ್ರಾನ್ ಡಿಕ್ಕಿ ಹೊಡೆಸುವ ಯಂತ್ರಗಳಲ್ಲಿ ಎಷ್ಟು ಡಿಕ್ಕಿ ಆಗ್ತಿದೆ ಅಂತ ಅಳೆಯೋದು ಈಗಲೂ ಭಾಭಾ ಸ್ಕ್ಯಾಟರಿಂಗ್ ಎಣಿಸಿಯೇ.