ಬೆಳೆಗಾರನಿಗೆ ಕುರ್ಚಿ ಕೊಟ್ಟ ತೋಟಗಾರ: ಡಾ. ಎಂ.ಎಚ್. ಮರೀಗೌಡ

ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಜನಸಾಗರವೇ ಹರಿದುಬರುತ್ತದೆ. ಹೂವು ನೋಡಿ ಹೊರಬಂದವರು ಹಾದಿಯಲ್ಲಿ ಸಿಗುವ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಒಂದು ಕಿಲೋ ದ್ರಾಕ್ಷಿಯನ್ನೋ ಸೀಬೆಯನ್ನೋ ಕೊಂಡು ಮನೆಗೆ ಮರಳುತ್ತಾರೆ. ಆ ಪ್ರದರ್ಶನಕ್ಕೂ ಈ ಮಳಿಗೆಗೂ ಇರುವ ನಂಟು ಬಹುಮಂದಿಗೆ ತಿಳಿಯದು. ಎರಡನ್ನೂ ಒಂದೇ ಯೋಜನೆಯ ಅಂಗಗಳೆಂದು ಕಂಡು ಜೋಡಿಸಿದವರು ಡಾ. ಎಂ.ಎಚ್. ಮರೀಗೌಡ. ಕರ್ನಾಟಕದ ತೋಟಗಾರಿಕೆಯ ಪಿತಾಮಹರೆಂದು ಅವರನ್ನು ನಾಡು ನೆನೆಯುತ್ತದೆ. ಲಾಲ್‌ಬಾಗ್‌ನಲ್ಲಿ ಅವರ ಹೆಸರಿನ ಸಭಾಂಗಣವಿದೆ. ಆದರೆ ಅವರು ನೆಟ್ಟ ಗಿಡಮರಗಳಿಗೆ ಸಂದಷ್ಟು ಕೀರ್ತಿ ಅವರು ಕಟ್ಟಿದ ಬೆಳೆಗಾರರ ಸಂಘಕ್ಕೆ ಸಂದಿಲ್ಲ.

ಮೈಸೂರು ಜಿಲ್ಲೆಯಿಂದ ಹಾರ್ವರ್ಡ್‌ವರೆಗೆ

ಮರೀಗೌಡರು ಹುಟ್ಟಿದ್ದು 1916ರ ಆಗಸ್ಟ್ 8ರಂದು, ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ. ಬೇಸಾಯದ ನೆಲದಲ್ಲಿ ಬೆಳೆದ ಹುಡುಗ ಸಸ್ಯಶಾಸ್ತ್ರದ ವ್ಯಾಸಂಗಕ್ಕಾಗಿ ಲಖನೌ ವಿಶ್ವವಿದ್ಯಾಲಯದವರೆಗೂ ಹೋಗಿ ಸ್ನಾತಕೋತ್ತರ ಪದವಿ ಪಡೆದರು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ಉದ್ಯಾನ ಇಲಾಖೆಗೆ ಸೇರಿದರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದು, ಅಲ್ಲಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿ ಡಾಕ್ಟರೇಟ್ ಸಂಪಾದಿಸಿದರು. 1951ರಲ್ಲಿ ತಾಯ್ನಾಡಿಗೆ ಮರಳಿ ಲಾಲ್‌ಬಾಗ್‌ನ ಹೊಣೆ ಹೊತ್ತಾಗ ಅವರಿಗೆ ಮೂವತ್ತೈದರ ಪ್ರಾಯ.

ಅವರು ಕುಳಿತ ಕುರ್ಚಿ ಸಾಮಾನ್ಯದ್ದಾಗಿರಲಿಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟವು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿತ್ತು. ಜಾನ್ ಕ್ಯಾಮರಾನ್ ಅವರು ಸೀಮೆಬದನೆಯಂತಹ ಹೊರನಾಡಿನ ತರಕಾರಿಗಳನ್ನು ಇಲ್ಲಿ ಪರಿಚಯಿಸಿದ್ದರು. 1908ರಿಂದ 1932ರವರೆಗೆ ಅಧಿಕಾರದಲ್ಲಿದ್ದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರು ಬೆಂಗಳೂರಿನ ಬೀದಿಗಳಿಗೆ ಹೂಮರಗಳ ಸಾಲು ಕೊಟ್ಟಿದ್ದರು. ಅವರ ಕಾಲದಲ್ಲಿಯೇ, 1912ರಲ್ಲಿ, ಮೈಸೂರು ಉದ್ಯಾನ ಕಲಾಸಂಘ ಹುಟ್ಟಿತ್ತು. ನಂತರ ಬಂದ ಎಚ್.ಸಿ. ಜವರಾಯ ಅವರು ಹಣ್ಣಿನ ಬೆಳೆಗಳತ್ತ ಗಮನ ಹರಿಸಿದ್ದರು.

ಇಷ್ಟೆಲ್ಲ ಪರಂಪರೆಯಿದ್ದರೂ ಒಂದು ಕೊರತೆ ಉಳಿದಿತ್ತು. ತೋಟಗಾರಿಕೆಯೆಂದರೆ ಅರಮನೆ, ಬಂಗಲೆ ಹಾಗೂ ನಗರದ ಉದ್ಯಾನಗಳ ಅಲಂಕಾರವೆಂಬ ಭಾವನೆಯೇ ಬಲವಾಗಿತ್ತು. ಹಣ್ಣು, ತರಕಾರಿ ಬೆಳೆದು ಹೊಟ್ಟೆ ಹೊರೆಯುವ ರೈತನು ಆ ಚಿತ್ರದಲ್ಲಿ ಎಲ್ಲೋ ಅಂಚಿನಲ್ಲಿದ್ದ. ಅವನಿಗೆ ಏನು ಬೇಕೆಂದು ಕೇಳುವ ವ್ಯವಸ್ಥೆಯಾಗಲಿ, ಅವನ ಪರವಾಗಿ ಸರ್ಕಾರದೆದುರು ಕುಳಿತು ಮಾತನಾಡುವ ಸಮಿತಿಯಾಗಲಿ ಇರಲಿಲ್ಲ.

ಚಪ್ಪರದ ಕೆಳಗಿನ ಕಷ್ಟ

ಬೆಂಗಳೂರಿನ ಸುತ್ತಲಿನ ಕೆಂಪು ಮಣ್ಣು ದ್ರಾಕ್ಷಿಗೆ ಹೇಳಿ ಮಾಡಿಸಿದ ನೆಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಗಳಲ್ಲಿ ಬೆಂಗಳೂರು ನೀಲಿ ತಳಿಯು ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಆದರೆ ದ್ರಾಕ್ಷಿಯ ಬೇಸಾಯವು ರಾಗಿಯ ಬೇಸಾಯದಂತಲ್ಲ. ಕಲ್ಲುಕಂಬ ನೆಟ್ಟು, ತಂತಿ ಎಳೆದು ಚಪ್ಪರ ಹಾಕಬೇಕು. ಬಾವಿ ತೋಡಿಸಬೇಕು. ಬೂದಿರೋಗ ಬಾರದಂತೆ ಔಷಧಿ ಸಿಂಪಡಿಸಬೇಕು. ಮೊದಲ ಗೊಂಚಲು ಕಣ್ಣಿಗೆ ಬೀಳುವ ಮುನ್ನವೇ ರೈತ ಸಾಲಗಾರನಾಗಿರುತ್ತಾನೆ.

ಮುಖ್ಯವಾದ ಸಂಕಟ ಕೊಯ್ಲಿನ ನಂತರದ್ದು. ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡಬಹುದು. ಬೆಲೆ ಬಂದಾಗ ಮಾರಬಹುದು. ಹಣ್ಣಾದ ದ್ರಾಕ್ಷಿ ಕೆಲವೇ ದಿನಗಳಲ್ಲಿ ಕೆಡುತ್ತದೆ. ಮಂಡಿಯಲ್ಲಿ ಬುಟ್ಟಿ ಇಳಿಸಿದ ರೈತ ಬೆಲೆ ಒಪ್ಪಿಗೆಯಾಗಲಿಲ್ಲವೆಂದು ಅದನ್ನು ವಾಪಸು ಒಯ್ಯಲಾರ. ಈ ಅಸಹಾಯಕತೆಯ ಮೇಲೆಯೇ ದಲ್ಲಾಳಿಯ ವ್ಯವಹಾರ ನಿಂತಿರುತ್ತದೆ. ಮುಂಗಡ ಕೊಟ್ಟು ಚಪ್ಪರದಲ್ಲಿರುವಾಗಲೇ ಫಸಲನ್ನು ಗುತ್ತಿಗೆ ಹಿಡಿಯುವ ಪದ್ಧತಿಯಿದ್ದಲ್ಲಿ ಬೆಳೆಗಾರನಿಗೆ ಬೆಲೆ ಕೇಳುವ ಅವಕಾಶವೂ ಇರುವುದಿಲ್ಲ. ನಗರದ ಗ್ರಾಹಕ ಹೆಚ್ಚು ಕೊಟ್ಟರೂ ಆ ಹೆಚ್ಚುವರಿ ತೋಟವನ್ನು ತಲುಪುವುದಿಲ್ಲ.

ಇಂತಹ ಸ್ಥಿತಿಯಲ್ಲಿ ಇಲಾಖೆಯು ಒಳ್ಳೆಯ ಸಸಿ ಹಂಚುತ್ತ ಹೋದರೆ ಫಸಲು ಹೆಚ್ಚೀತು. ಫಸಲು ಹೆಚ್ಚಿದಷ್ಟೂ ಬೆಲೆ ಕುಸಿದೀತು. ಬೆಳೆ ವಿಸ್ತರಣೆಯ ನೀತಿಗೆ ಮಾರಾಟದ ಆಸರೆ ಇಲ್ಲದಿದ್ದರೆ ಅದು ರೈತನ ಕೊರಳಿಗೇ ಉರುಳಾಗುತ್ತದೆ. ಮರೀಗೌಡರ ಮುಂದಿನ ಕೆಲಸಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತವು.

1959ರ ಸಂಘ

1959ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ ನೋಂದಣಿಯಾಯಿತು. ಅದರ ಹಿಂದಿನ ಪ್ರೇರಕಶಕ್ತಿ ಮರೀಗೌಡರು. ಸಹಕಾರ ಸಂಘದ ತತ್ತ್ವ ಸರಳವಾದದ್ದು. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಹತ್ತು ಎಕರೆಯ ತೋಟದವನೂ ಅರ್ಧ ಎಕರೆಯ ಚಪ್ಪರದವನೂ ಮತಪೆಟ್ಟಿಗೆಯ ಮುಂದೆ ಸಮಾನರು. ಅವರಿಂದ ಆಯ್ಕೆಯಾದವರು ಆಡಳಿತ ಮಂಡಳಿಯಲ್ಲಿ ಕುಳಿತುಕೊಳ್ಳುತ್ತಾರೆ.

ಇಂತಹ ಮಂಡಳಿಯ ಮೇಜಿನ ಮೇಲೆ ಬರುವ ವಿಷಯಗಳು ಮೇಲ್ನೋಟಕ್ಕೆ ಚಿಕ್ಕವು. ಯಾವ ಗಾತ್ರದ ಗೊಂಚಲನ್ನು ಮೊದಲ ದರ್ಜೆಯೆನ್ನಬೇಕು? ಮಾಲನ್ನು ಎಲ್ಲಿ ಸಂಗ್ರಹಿಸಬೇಕು? ಖರೀದಿ ದರಕ್ಕೂ ಮಾರಾಟದ ದರಕ್ಕೂ ನಡುವೆ ಎಷ್ಟು ಅಂತರವಿರಬೇಕು? ನಗರದ ಯಾವ ಬಡಾವಣೆಯಲ್ಲಿ ಮಳಿಗೆ ತೆರೆಯಬೇಕು? ಆದರೆ ರೈತನ ಆದಾಯವನ್ನು ನಿರ್ಧರಿಸುವ ನೀತಿಯೆಂದರೆ ಇವೇ. ಮಂಡಿಯಲ್ಲಿ ಇವನ್ನು ಒಬ್ಬ ವ್ಯಾಪಾರಿ ಏಕಾಂಗಿಯಾಗಿ ತೀರ್ಮಾನಿಸುತ್ತಿದ್ದ. ಸಂಘದಲ್ಲಿ ಬೆಳೆಗಾರರ ಪ್ರತಿನಿಧಿಗಳು ಲೆಕ್ಕ ಮುಂದಿಟ್ಟುಕೊಂಡು ತೀರ್ಮಾನಿಸಬೇಕಾಯಿತು. ತಪ್ಪಿದರೆ ಕೇಳಲು ವಾರ್ಷಿಕ ಮಹಾಸಭೆಯಿತ್ತು.

ದ್ರಾಕ್ಷಿಯಿಂದ ಆರಂಭವಾದ ವಹಿವಾಟು ಕ್ರಮೇಣ ಇತರ ಹಣ್ಣು ತರಕಾರಿಗಳಿಗೂ ಹರಡಿತು. ಗ್ರಾಹಕನಿಗೆ ಸರಿಯಾದ ತೂಕ, ಫಲಕದ ಮೇಲೆ ಬರೆದ ದರ. ರೈತನಿಗೆ ಮಂಡಿಯಾಚೆಗೊಂದು ಮಾರುಕಟ್ಟೆ. ಆಸ್ಪತ್ರೆ, ವಿದ್ಯಾರ್ಥಿನಿಲಯಗಳಿಗೂ ಸರಬರಾಜು ನಡೆಯಿತು. 1980ರ ದಶಕದಲ್ಲಿ ಸಂಘವು ತೋಟಗಾರಿಕೆ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘವೆಂಬ ಹೊಸ ಹೆಸರು ಪಡೆಯಿತು. ಜನರ ಬಾಯಲ್ಲಿ ಅದು ಹಾಪ್‌ಕಾಮ್ಸ್ ಆಯಿತು.

ನಾಲ್ಕು ಅಂಗಗಳ ಮಾದರಿ

1963ರಲ್ಲಿ ಮರೀಗೌಡರು ತೋಟಗಾರಿಕೆ ನಿರ್ದೇಶಕರಾದರು. ಬಹುತೇಕ ರಾಜ್ಯಗಳಲ್ಲಿ ತೋಟಗಾರಿಕೆಯು ಕೃಷಿ ಇಲಾಖೆಯ ಒಂದು ಮೂಲೆಯಲ್ಲಿದ್ದ ಕಾಲದಲ್ಲಿ ಮೈಸೂರು ರಾಜ್ಯದಲ್ಲಿ ಅದಕ್ಕೆ ಸ್ವಂತ ಇಲಾಖೆ, ಸ್ವಂತ ಆಡಳಿತ ದೊರೆಯಿತು. ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳು, ಸಸ್ಯಕ್ಷೇತ್ರಗಳು ಎದ್ದವು. ಅವರ ಅಧಿಕಾರಾವಧಿಯಲ್ಲಿ ಸ್ಥಾಪನೆಯಾದ ಇಂತಹ ಕೇಂದ್ರಗಳ ಸಂಖ್ಯೆ ಮುನ್ನೂರನ್ನು ಮೀರಿತು. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಮಾವು, ಸಪೋಟದಂತಹ ಬರ ತಾಳುವ ಹಣ್ಣಿನ ಮರಗಳನ್ನು ಬೆಳೆಸುವುದಕ್ಕೆ ಅವರು ಒತ್ತು ಕೊಟ್ಟರು.

ಇದಕ್ಕಿಂತ ದೊಡ್ಡ ಮಾತೆಂದರೆ ಅವರು ರೂಪಿಸಿದ ನಾಲ್ಕು ಅಂಗಗಳ ಮಾದರಿ. ಮೊದಲ ಅಂಗ ತಾಂತ್ರಿಕ ನೆರವು ನೀಡುವ ಸರ್ಕಾರಿ ಇಲಾಖೆ. ಎರಡನೆಯದು ಜನರಲ್ಲಿ ಅಭಿರುಚಿ ಬೆಳೆಸುವ ಉದ್ಯಾನ ಕಲಾಸಂಘ. ಫಲಪುಷ್ಪ ಪ್ರದರ್ಶನ ಅದರ ಮುಖ. ಮೂರನೆಯದು ಸಸಿ ಬೆಳೆಸುವವರ ಸಹಕಾರ ಸಂಘ. ನಾಲ್ಕನೆಯದು ಹಣ್ಣು ತರಕಾರಿ ಬೆಳೆಗಾರರ ಮಾರಾಟ ಸಂಘ. ಈ ನಾಲ್ಕರಲ್ಲಿ ಸರ್ಕಾರದ್ದು ಒಂದೇ ಅಂಗ. ಉಳಿದ ಮೂರು ಸಂಘಗಳು. ಯಾವುದೇ ಇಲಾಖೆಯ ಮುಖ್ಯಸ್ಥನು ತನ್ನ ಕಚೇರಿಯನ್ನು ಬೆಳೆಸಿಕೊಳ್ಳಲು ಬಯಸುವುದು ಸಹಜ. ಮರೀಗೌಡರು ಕಚೇರಿಯನ್ನು ಬೆಳೆಸಿದ್ದಲ್ಲದೆ ಅದರ ಹೊರಗೂ ಸಂಘಗಳಿಗೆ ನೆಲೆ ಮಾಡಿಕೊಟ್ಟರು.

ಮಾದರಿಯ ಲಾಭ ಎರಡು ಕಡೆಗೂ ಇತ್ತು. ಯಾವ ಹಣ್ಣಿಗೆ ಮಳಿಗೆಯಲ್ಲಿ ಬೇಡಿಕೆಯಿದೆ, ಯಾವುದು ಮಾರಾಟವಾಗದೆ ಕೊಳೆಯುತ್ತಿದೆ ಎಂಬುದು ಸಂಘಕ್ಕೆ ದಿನನಿತ್ಯ ತಿಳಿಯುತ್ತದೆ. ಅದು ಇಲಾಖೆಗೆ ಮುಟ್ಟಿದರೆ ಮುಂದೆ ಯಾವ ಸಸಿಗೆ ಒತ್ತು ಕೊಡಬೇಕೆಂದು ನಿರ್ಧರಿಸಬಹುದು. ಕಸಿ ಮಾಡುವವನು, ಬೆಳೆಯುವವನು, ಮಾರುವವನು ಒಂದೇ ಸರಪಣಿಯ ಕೊಂಡಿಗಳಾದಾಗ ಸರ್ಕಾರದ ಆದೇಶಕ್ಕೆ ನೆಲದ ವಾಸನೆ ಬರುತ್ತದೆ.

ಗಂಟಿನ ಇನ್ನೊಂದು ತುದಿ

ಈ ವ್ಯವಸ್ಥೆಯಲ್ಲಿ ಒಂದು ದೌರ್ಬಲ್ಯವೂ ಅಡಗಿತ್ತು. ಸಂಘವನ್ನು ಹುಟ್ಟಿಸಿದ್ದು ಅಧಿಕಾರಿಯ ಇಚ್ಛಾಶಕ್ತಿ. ಚುನಾಯಿತ ಮಂಡಳಿಯಿದ್ದರೂ ಹಾಪ್‌ಕಾಮ್ಸ್‌ನ ವ್ಯವಸ್ಥಾಪಕ ನಿರ್ದೇಶಕರ ಸ್ಥಾನಕ್ಕೆ ಇಲಾಖೆಯ ಅಧಿಕಾರಿಗಳೇ ಬರುವ ಪದ್ಧತಿ ಬೆಳೆಯಿತು. ಮಳಿಗೆಗೆ ಜಾಗ ಬೇಕಾದಾಗ, ಅನುದಾನ ಬೇಕಾದಾಗ ಸರ್ಕಾರದ ಬಾಗಿಲನ್ನೇ ತಟ್ಟಬೇಕಾಯಿತು. ಆಸರೆ ಕೊಟ್ಟ ಕೈಯೇ ಕೆಲವೊಮ್ಮೆ ಲಗಾಮು ಹಿಡಿಯುವ ಕೈಯೂ ಆಗುತ್ತದೆ. ಸಂಘವು ಸರ್ಕಾರಿ ಸಂಸ್ಥೆಯೆಂದೇ ಇಂದಿಗೂ ಅನೇಕ ಗ್ರಾಹಕರ ಭಾವನೆ. ಮಾಲೀಕ ರೈತನೆಂಬುದು ಫಲಕದ ಮೇಲೆ ಉಳಿದು ಮನಸ್ಸಿನಿಂದ ಮರೆಯಾಯಿತು.

ಇದೇ ಕಾಲಘಟ್ಟದಲ್ಲಿ ಕರಾವಳಿಯಲ್ಲಿ ಇನ್ನೊಂದು ಹಾದಿ ತೆರೆದುಕೊಂಡಿತು. ಅಡಿಕೆ ಬೆಲೆಯ ಕುಸಿತದಿಂದ ಕಂಗೆಟ್ಟ ಬೆಳೆಗಾರರು ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಸಂಘಟಿತರಾಗಿ, ಸರ್ಕಾರಗಳ ನೆರವು ಪಡೆದು, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪಿಸಿದರು. ಅಲ್ಲಿ ಮೊದಲ ಹೆಜ್ಜೆ ಬೆಳೆಗಾರರದ್ದು. ದ್ರಾಕ್ಷಿಯ ಸಂಘದಲ್ಲಿ ಮೊದಲ ಹೆಜ್ಜೆ ಅಧಿಕಾರಿಯದ್ದು. ಅಡಿಕೆಯನ್ನು ಒಣಗಿಸಿ ದಾಸ್ತಾನಿಡಬಹುದು. ದ್ರಾಕ್ಷಿಯನ್ನು ಹಾಗೆ ಇಡಲಾಗದು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಬೆಳೆಗಾರರು ತಮ್ಮ ಸಮಿತಿಯನ್ನು ತಮ್ಮದೆಂದು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೋ ಅಷ್ಟೇ ಅದರ ಮಾತಿಗೆ ಬೆಲೆ ಎಂಬ ಪಾಠ ಎರಡಕ್ಕೂ ಒಂದೇ.

ನಿವೃತ್ತಿಯ ನಂತರ

ಮರೀಗೌಡರು 1974ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದಾಗಿ ಬೆಂಗಳೂರು ಈ ಕ್ಷೇತ್ರದ ರಾಷ್ಟ್ರೀಯ ಕೇಂದ್ರಗಳಲ್ಲಿ ಒಂದಾಗಿತ್ತು. ಬದುಕಿನ ಕೊನೆಯವರೆಗೂ ಅವರ ಹೆಸರು ಲಾಲ್‌ಬಾಗ್‌ನೊಂದಿಗೆ ಬೆಸೆದುಕೊಂಡೇ ಇತ್ತು. ಅವರು ಇಲ್ಲವಾಗಿ ಮೂರು ದಶಕಗಳು ಕಳೆದಿವೆ.

ಈ ಅವಧಿಯಲ್ಲಿ ನಗರ ಬೆಳೆದು ದ್ರಾಕ್ಷಿ ಚಪ್ಪರಗಳಿದ್ದ ಎಷ್ಟೋ ನೆಲ ಬಡಾವಣೆಗಳಾಯಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವೂ ಬಂತು. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹವಾನಿಯಂತ್ರಿತ ಮಳಿಗೆಗಳೂ ಮೊಬೈಲ್ ಮೂಲಕ ಮನೆಬಾಗಿಲಿಗೆ ತರಕಾರಿ ತಲುಪಿಸುವ ಕಂಪನಿಗಳೂ ಹಾಪ್‌ಕಾಮ್ಸ್‌ಗೆ ಪೈಪೋಟಿ ಒಡ್ಡಿದವು.

2020ರ ಲಾಕ್‌ಡೌನ್ ಆ ಹಳೆಯ ಸಂಕಟವನ್ನು ಮತ್ತೆ ಕಣ್ಣೆದುರು ತಂದಿತು. ಚಿಕ್ಕಬಳ್ಳಾಪುರ, ಕೋಲಾರದ ಚಪ್ಪರಗಳಲ್ಲಿ ಹಣ್ಣಾದ ದ್ರಾಕ್ಷಿಯನ್ನು ಕೊಳ್ಳಲು ವ್ಯಾಪಾರಿಗಳು ಬರಲಿಲ್ಲ. ಆಗ ಹಾಪ್‌ಕಾಮ್ಸ್ ರೈತರಿಂದ ಖರೀದಿಸಿ, ಸಂಚಾರಿ ವಾಹನಗಳಲ್ಲಿ ಬಡಾವಣೆಗಳಿಗೆ ಒಯ್ದು ಮಾರಿತು. ಎಲ್ಲರ ಫಸಲನ್ನೂ ಉಳಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ತಿಪ್ಪೆಗೆ ಸುರಿದ ಹಣ್ಣೂ ಬಹಳವಿತ್ತು. ಆದರೆ ಮಂಡಿ ಕೈಬಿಟ್ಟಾಗ ಹಿಡಿಯಲು ಒಂದು ಕೈಯಾದರೂ ಇತ್ತು. ಆರು ದಶಕಗಳ ಹಿಂದೆ ದ್ರಾಕ್ಷಿ ಬೆಳೆಗಾರರನ್ನು ಒಂದು ಮೇಜಿನ ಸುತ್ತ ಕೂರಿಸಿದ ಅಧಿಕಾರಿಯ ದೂರದೃಷ್ಟಿ ಅಂದು ಮತ್ತೊಮ್ಮೆ ಪರೀಕ್ಷೆಗೆ ನಿಂತಿತ್ತು.

ಪ್ರತಿವರ್ಷ ಆಗಸ್ಟ್‌ನಲ್ಲಿ ಮರೀಗೌಡರ ಜನ್ಮದಿನದಂದು ಅವರನ್ನು ಗೌರವದಿಂದ ಸ್ಮರಿಸಲಾಗುತ್ತದೆ. ಹೂಮಾಲೆಯ ಜತೆಗೆ ಅವರಿಗೆ ಸಲ್ಲಬೇಕಾದ ಗೌರವ ಇನ್ನೊಂದಿದೆ. ಅವರು ಬೆಳೆಗಾರನಿಗೆ ಕೊಟ್ಟ ಕುರ್ಚಿಯಲ್ಲಿ ಬೆಳೆಗಾರನೇ ಕುಳಿತಿರಬೇಕು. ಸಂಘದ ಚುನಾವಣೆಗಳು ಕಾಲಕಾಲಕ್ಕೆ ನಡೆಯಬೇಕು. ಮಹಾಸಭೆಯಲ್ಲಿ ಅರ್ಧ ಎಕರೆಯವನ ಪ್ರಶ್ನೆಗೂ ಉತ್ತರ ಸಿಗಬೇಕು. ಮರಗಳನ್ನು ನೋಡಿಕೊಳ್ಳಲು ಲಾಲ್‌ಬಾಗ್‌ನಲ್ಲಿ ಮಾಲಿಗಳಿದ್ದಾರೆ. ಸಂಘವನ್ನು ನೋಡಿಕೊಳ್ಳಬೇಕಾದವರು ಅದರ ಸದಸ್ಯರೇ.