ಟಿಪ್ಪು ಸುಲ್ತಾನರ ಗುಟ್ಟಿನ ಮಾತುಗಳು

ಹುಲಿಗಿಯ ಬಳಿ ಮುನಿರಾಬಾದ್ ನಿಲ್ದಾಣದಲ್ಲಿ ರೈಲು ಹತ್ತಿದ ಮೇಲೆ ನಾವು ಮಾಡುವುದನ್ನು ಒಮ್ಮೆ ನೆನೆದು ನೋಡಿ. ಎದುರು ಕುಳಿತವರೊಡನೆ ಕನ್ನಡದಲ್ಲಿ ಹರಟುತ್ತಿದ್ದವರು ಮನೆಯ ವಿಷಯ ಬಂದೊಡನೆ ದಖ್ಖನಿಗೆ ತಿರುಗುತ್ತೇವೆ. ಅವರಿಗೆ ಅದು ತಿಳಿಯದೆಂದು ನಮ್ಮ ಎಣಿಕೆ. (ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ತಿಳಿಯದವರೇ ಕಡಿಮೆ ಎಂಬುದು ಬೇರೆ ಮಾತು.) ಮೂವರಿದ್ದಾಗ ಒಬ್ಬನನ್ನು ಬಿಟ್ಟು ಇಬ್ಬರು ಪಿಸುಗುಟ್ಟಬಾರದು, ಅದರಿಂದ ಅವನ ಮನ ನೋಯುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮೂರನೆಯವನಿಗೆ ತಿಳಿಯದ ಭಾಷೆಯಲ್ಲಿ ಮಾತನಾಡುವುದನ್ನೂ ಇಮಾಮ್ ನವವಿಯವರು 'ರಿಯಾಝುಸ್ಸಾಲಿಹೀನ್'ನಲ್ಲಿ ಇದಕ್ಕೇ ಸೇರಿಸಿದ್ದಾರೆ.

ಆದರೆ ಸುತ್ತಲೂ ವೈರಿಗಳನ್ನಿಟ್ಟುಕೊಂಡು ರಾಜ್ಯವಾಳುವವನ ಗುಟ್ಟು ರೈಲು ಪ್ರಯಾಣಿಕರ ಗುಟ್ಟಿನಂಥದ್ದಲ್ಲ. ಕೊಪ್ಪಳದ ಕೋಟೆಯನ್ನು ನೀವು ನೋಡಿರುತ್ತೀರಿ. 1786ರಲ್ಲಿ ಪಾಳೆಯಗಾರನಿಂದ ಅದನ್ನು ಪಡೆದು ಫ್ರೆಂಚ್ ಇಂಜಿನಿಯರುಗಳಿಂದ ಕಟ್ಟಿಸಿದವರು ಟಿಪ್ಪು ಸುಲ್ತಾನರು. 1790ರಲ್ಲಿ ಇಂಗ್ಲಿಷರೂ ನಿಜಾಮನ ಸೈನ್ಯವೂ ಕೂಡಿ ಮುತ್ತಿದಾಗ ಅದು ತಿಂಗಳುಗಟ್ಟಲೆ ಬಗ್ಗಲಿಲ್ಲ. ಆ ಸುಲ್ತಾನರ ಬಾಳಿನಲ್ಲಿ ಗುಟ್ಟು ಎಲ್ಲಿ ಕಾಯಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅವರು ಪಟ್ಟಕ್ಕೆ ಬಂದದ್ದೇ ಒಂದು ಗುಟ್ಟಿನ ಬಲದಿಂದ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ತಂದೆ ಹೈದರಲಿ ತೀರಿಕೊಂಡಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸುದ್ದಿ ಹರಡಿದ್ದರೆ ಸೈನ್ಯ ಚೆದುರುತ್ತಿತ್ತು. ಪೂರ್ಣಯ್ಯ ಮತ್ತು ಕೃಷ್ಣರಾಯರು ಪಾರ್ಥಿವ ಶರೀರವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆ ಸಾಗುತ್ತಿದೆ ಎಂಬಂತೆ ಕೋಲಾರಕ್ಕೆ ಕಳುಹಿಸಿದರು. ನವಾಬರು ಅಸ್ವಸ್ಥರೆಂದಷ್ಟೇ ಹೊರಗಿನವರಿಗೆ ತಿಳಿಸಲಾಯಿತು. ಟಿಪ್ಪು ಬಂದು ತಲುಪುವವರೆಗೆ ಸೈನ್ಯ ಒಡೆಯಲಿಲ್ಲ. ಮುಸ್ಲಿಮ್ ಅರಸನ ಸಾವಿನ ಗುಟ್ಟನ್ನು ಕಾಯ್ದು ಅವನ ಮಗನಿಗೆ ರಾಜ್ಯ ಒಪ್ಪಿಸಿದವರು ಇಬ್ಬರು ಬ್ರಾಹ್ಮಣ ಅಧಿಕಾರಿಗಳು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ.

ಸುಲ್ತಾನರು ಯಾರಿಗೆ ಯಾವ ಭಾಷೆ ಎಂಬುದನ್ನು ಅರಿತಿದ್ದರು. ಶೃಂಗೇರಿ ಮಠದ ಸ್ವಾಮಿಗಳಿಗೆ ಅವರು ಬರೆಸಿದ ಪತ್ರಗಳು ಕನ್ನಡದಲ್ಲಿವೆ. ಆಡಳಿತದ ಬರವಣಿಗೆ ಪಾರಸಿಯಲ್ಲಿ. ಹಿಜರಿಯ ಬದಲು ಪ್ರವಾದಿವರ್ಯರ(ಸ) ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದು, ತಿಂಗಳುಗಳಿಗೆ ಹೊಸ ಹೆಸರಿಟ್ಟು, ನಾಣ್ಯಗಳ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಅಚ್ಚು ಹಾಕಿಸಿದರು. ಇದು ಗುಟ್ಟಿಗಾಗಿ ಮಾಡಿದ್ದಲ್ಲ. ಆದರೂ ಹೊರಗಿನವನು ಆ ಕಾಗದ, ನಾಣ್ಯಗಳನ್ನು ಓದಲು ತಡವರಿಸುತ್ತಿದ್ದನೆಂಬುದು ನಿಜ.

ನಿಜವಾದ ಗುಪ್ತ ಭಾಷೆ ಹುಟ್ಟಿದ್ದು ಸೋಲಿನ ಬಳಿಕ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಅಬ್ದುಲ್ ಖಾಲಿಕ್ ಮತ್ತು ಮುಯಿಝುದ್ದೀನ್ ಎಂಬ ಎಳೆಯ ಮಕ್ಕಳಿಬ್ಬರು ಒತ್ತೆಯಾಳುಗಳಾಗಿ ಮದ್ರಾಸಿಗೆ ಹೋದರು. ಜೊತೆಗೆ ವಕೀಲರಾಗಿ ಗುಲಾಮ್ ಅಲಿ ಖಾನ್, ಅಲಿ ರಝಾ ಖಾನ್. ಮಕ್ಕಳು ಶತ್ರುವಿನ ಕೈಯಲ್ಲಿರುವಾಗ ತಂದೆ ಬಿಚ್ಚಿ ಬರೆಯುವುದುಂಟೇ? ಪತ್ರಗಳಿಗೆಂದು ಸಂಕೇತ ಪದಗಳ ಪಟ್ಟಿಯೊಂದು ಸಿದ್ಧವಾಯಿತು. ಇಂಗ್ಲಿಷರು 'ತಾಜಾ ವಾರಿದ್', ಅಂದರೆ ಹೊಸದಾಗಿ ಬಂದವರು. ನಿಜಾಮ 'ಹೇಚ್', ಏನೂ ಅಲ್ಲದವನು. ಮರಾಠರು 'ಪೂಚ್', ಹುರುಳಿಲ್ಲದವರು. ಆರ್ಕಾಟಿನ ನವಾಬ ವಾಲಾಜಾಹ್‌ಗೆ ಮಾತ್ರ ಮಾನವಕುಲದ ಹಿತೈಷಿಯೆಂಬ ಹೆಸರು.

ಈ ಹೆಸರುಗಳನ್ನು ಓದುವಾಗ ನನಗೆ ನಗುವೂ ಬಂತು, ಸಂಕೋಚವೂ ಆಯಿತು. ಸೋತವನ ಕಹಿ ಅದರಲ್ಲಿದೆ. ಅಡ್ಡಹೆಸರಿಟ್ಟು ಹೀಗಳೆಯುವುದನ್ನು ಸೂರಃ ಅಲ್ ಹುಜುರಾತ್ ತಡೆದಿರುವುದು ಸುಲ್ತಾನರಿಗೆ ತಿಳಿಯದ್ದೇನಲ್ಲ. ನೆರೆಯವರನ್ನು ಕಾಗದದಲ್ಲಿ 'ಹೇಚ್' ಎಂದು ಕರೆಯುವ ಬದಲು ಅವರನ್ನು ಜೊತೆಗೆ ತಂದುಕೊಂಡಿದ್ದರೆ 1799ರಲ್ಲಿ ನಿಜಾಮನ ಸೈನ್ಯ ಇಂಗ್ಲಿಷರ ಪಕ್ಕದಲ್ಲಿ ನಿಲ್ಲುತ್ತಿರಲಿಲ್ಲವೇನೋ. ಆದರೆ ಪತ್ರ ಬರೆದು ಕರೆದರೂ ಅವರು ಬರಲಿಲ್ಲ ಎಂಬುದನ್ನೂ ಹೇಳಬೇಕು. 1794ರಲ್ಲಿ ಮಕ್ಕಳು ಮರಳಿ ಬಂದರು.

ಗುಟ್ಟು ಕೈಕೊಟ್ಟದ್ದು ಸಮುದ್ರದಾಚೆ. 1798ರ ಜನವರಿಯಲ್ಲಿ ಸುಲ್ತಾನರ ಇಬ್ಬರು ದೂತರು ಫ್ರೆಂಚರ ನೆರವು ಕೇಳಲು ಮಾರಿಷಸ್ ತಲುಪಿದರು. ಕೆಲಸ ಸದ್ದಿಲ್ಲದೆ ಆಗಬೇಕಿತ್ತು. ಅಲ್ಲಿನ ಗವರ್ನರ್ ಮಲಾರ್ಟಿಕ್ ಅವರನ್ನು ಮೆರವಣಿಗೆಯಂತೆ ಬರಮಾಡಿಕೊಂಡು, ಜನವರಿ 30ರಂದು ಟಿಪ್ಪುವಿನ ಸೇನೆಗೆ ಸೇರುವವರು ಬನ್ನಿರೆಂದು ಪ್ರಕಟಣೆಯನ್ನೇ ಹೊರಡಿಸಿಬಿಟ್ಟ. ದೊರೆತವರು ಸುಮಾರು ನೂರು ಮಂದಿ. ಪ್ರಕಟಣೆ ಮಾತ್ರ ಕಲ್ಕತ್ತೆಯ ಗವರ್ನರ್ ಜನರಲ್ ವೆಲ್ಲೆಸ್ಲಿಯ ಮೇಜಿಗೆ ಬಂತು. ಯುದ್ಧಕ್ಕೆ ಅವನಿಗೆ ಬೇಕಿದ್ದ ನೆಪ ಸಿಕ್ಕಿತು. ಮರುವರ್ಷ ನೆಪೋಲಿಯನ್ ಈಜಿಪ್ಟಿನಿಂದ ಬರೆದ ಪತ್ರವೂ ಶ್ರೀರಂಗಪಟ್ಟಣ ಸೇರದೆ ಇಂಗ್ಲಿಷರ ಕೈ ಸೇರಿತು. 1799ರ ಮೇ 4ರಂದು ಸುಲ್ತಾನರು ಕೋಟೆಯ ಬಾಗಿಲ ಬಳಿ ಹೋರಾಡುತ್ತ ಹುತಾತ್ಮರಾದರು.

ಬಳಿಕ ಅರಮನೆಯ ಕಾಗದಗಳೆಲ್ಲ ತೆರೆದವು. ತಮ್ಮ 37 ಕನಸುಗಳನ್ನು ಅವರು ಸ್ವಂತ ಕೈಯಿಂದ ಬರೆದು ಯಾರಿಗೂ ತೋರಿಸದೆ ಇಟ್ಟಿದ್ದ ಪುಸ್ತಕ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ಗೆ ಸಿಕ್ಕಿ ಲಂಡನ್ ಸೇರಿತು. ಸಂಕೇತ ಪದಗಳ ಪಟ್ಟಿಯೂ ಸಿಕ್ಕಿತು. ಅದನ್ನು ಮುಂದೊಡ್ಡಿ, ವಾಲಾಜಾಹ್ ಮತ್ತವರ ಮಗ ಉಮ್ದತುಲ್ ಉಮರಾ ಟಿಪ್ಪುವಿನೊಡನೆ ಪಿತೂರಿ ನಡೆಸಿದರೆಂದು ಕಂಪೆನಿ ಆರೋಪ ಹೊರಿಸಿತು. ವೆಬ್ ಮತ್ತು ಕ್ಲೋಸ್ ಎಂಬ ಅಧಿಕಾರಿಗಳು ಸಾಕ್ಷಿಗಳನ್ನು ವಿಚಾರಿಸಿದರು. ದೊರೆತದ್ದು ಸೌಜನ್ಯದ ಮಾತುಗಳು ಮತ್ತು ಆ ಒಂದು ಒಳ್ಳೆಯ ಹೆಸರು. ಮುಂದೆ ಕಂಪೆನಿಯ ನೌಕರಿಗೇ ಸೇರಿದ ಜೇಮ್ಸ್ ಮಿಲ್ ಕೂಡ 1817ರಲ್ಲಿ ಪ್ರಕಟವಾದ ತನ್ನ ಭಾರತದ ಇತಿಹಾಸದಲ್ಲಿ ಈ ಪುರಾವೆಯನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. 1801ರ ಜುಲೈಯಲ್ಲಿ ಉಮ್ದತುಲ್ ಉಮರಾ ತೀರಿಕೊಂಡರು. ಷರತ್ತಿಗೆ ಒಪ್ಪದ ಅವರ ಮಗನನ್ನು ಬದಿಗಿಟ್ಟು, ಅಝೀಮುದ್ದೌಲಾ ಎಂಬವರಿಂದ ಸಹಿ ಹಾಕಿಸಿಕೊಂಡು, ಅದೇ ತಿಂಗಳ ಕೊನೆಗೆ ಕಂಪೆನಿ ಆರ್ಕಾಟಿನ ಆಡಳಿತವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು.